ಕಾಂತಪ್ಪನ ಒಲೆ ಹಚ್ಚಿದವರು

ಹೆಣದ ತಲೆಯ ಬಳಿ ಇಟ್ಟ ದೀಪ ಮೂರನೆಯ ಸಲ ಆರಿಹೋಯಿತು. ವಿಶ್ವನಾಥ ಅಂಗಿಯ ಜೇಬು ತಡವಿದ, ಕಿಟಕಿಯ ಕಟ್ಟೆ ನೋಡಿದ, ಕೊನೆಗೆ ಅಣ್ಣನ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಸರಿಸಿದ.

“ಒಂದು ಬೆಂಕಿಪೆಟ್ಟಿಗೆ ಇಲ್ವಾ ಇಲ್ಲಿ? ನಲವತ್ತು ವರ್ಷ ಅಡುಗೆ ಮಾಡಿದವನ ಮನೆ ಮಾರಾಯ್ರೆ ಇದು!”

ಬೆಂಕಿಪೆಟ್ಟಿಗೆ ಇತ್ತು, ವಿನೋದಾಳ ಮುಷ್ಟಿಯಲ್ಲಿ. ಬೆಳಿಗ್ಗೆ ಐದೂವರೆಗೆ ಅವಳು ಎದ್ದು ಬಂದಾಗ ಅಪ್ಪ ಒಲೆಯ ಮುಂದೆ ನೆಲದ ಮೇಲೆ ಬಿದ್ದಿದ್ದ. ಡಾಕ್ಟರು ಬಂದು, ಹೃದಯ ನಿಂತು ಅರ್ಧ ಗಂಟೆಯಾಗಿರಬೇಕು ಎಂದು ಹೇಳಿ ಹೋದರು. ಆ ಗಲಾಟೆಯಲ್ಲಿ ಯಾವಾಗಲೋ ಒಲೆಯ ಪಕ್ಕದಿಂದ ಅದನ್ನು ಎತ್ತಿಕೊಂಡಿದ್ದಳು. ಈಗ ಚಿಕ್ಕಪ್ಪನ ಕೈಗೆ ಕೊಟ್ಟಳು. ಅವನು ದೀಪ ಹಚ್ಚಿದ ಕೂಡಲೆ ಕೈ ಚಾಚಿ ಮರಳಿ ಪಡೆದಳು.

ಕಾಂತಪ್ಪ ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿದ್ದ. ಜೀವಮಾನದಲ್ಲಿ ಇಷ್ಟು ಹೊತ್ತು ಸುಮ್ಮನೆ ಮಲಗಿದವನಲ್ಲ. ಉಡುಪಿಯ ಕಡೆಯಿಂದ ಹುಡುಗನಾಗಿದ್ದಾಗಲೇ ಮದರಾಸಿಗೆ ಬಂದು, ಸೌಕಾರ್‌ಪೇಟೆಯ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಇಪ್ಪತ್ತು ವರ್ಷ ನಿಂತವನು. ಆಮೇಲೆ ಟ್ರಾವೆಲ್ ಕಂಪನಿಯ ಅಡುಗೆಯವನಾಗಿ, ಪ್ರವಾಸಿಗಳ ಹಿಂದೆ ಕುಕ್ಕರು, ಇಂಗು, ಸಾರಿನ ಪುಡಿ ಹೊತ್ತುಕೊಂಡು ದೇಶ ದೇಶ ಸುತ್ತಿದವನು.

“ಮೂರು ಗಂಟೆಗೆ ಎತ್ತುದು,” ಎಂದ ವಿಶ್ವನಾಥ. “ಪ್ರವೀಣಾ, ನೀನು ಸ್ನಾನ ಮಾಡಿ ತಯಾರಾಗು. ಬೆಂಕಿ ಇಡುದು ನೀನೇ.”

ಪ್ರವೀಣ್ ವಿಶ್ವನಾಥನ ಮಗ. ಮದರಾಸಿನ ಮಾಧವರಂನಲ್ಲಿ ಹುಟ್ಟಿ ಬೆಳೆದವನು, ಅವನ ಕನ್ನಡ ಅರ್ಧ ದಾರಿಯಲ್ಲೇ ತಮಿಳಾಗುತ್ತದೆ. “ಅಕ್ಕ ತಾನೇಪ್ಪಾ ಇಡ್ಬೇಕು? ಪೆರಿಯಪ್ಪಾ ಎಲ್ಲಾರ್ಗೂ ಹೇಳಿದ್ರಲ್ಲ?”

ಅದು ನಿಜ. ಕಾಂತಪ್ಪ ಕ್ಷೌರದವನಿಂದ ಹಿಡಿದು ಕೆಳಗಿನ ಮನೆಯ ಜಯಲಕ್ಷ್ಮಮ್ಮನವರೆಗೆ ಎಲ್ಲರಿಗೂ ಹೇಳಿಟ್ಟಿದ್ದ, ನನ್ನ ಚಿತೆಗೆ ಬೆಂಕಿ ನನ್ನ ಮಗಳೇ ಇಡಬೇಕು ಎಂದು. ಗಂಡುಮಕ್ಕಳಿಲ್ಲದವನ ಮಾತು ಎಂದು ಹೊರಗಿನವರು ತಲೆಯಾಡಿಸಿದ್ದರು. ಮನೆಯ ಸಂಗತಿ ಗೊತ್ತಿದ್ದವರು ನಕ್ಕಿದ್ದರು. ಏಕೆಂದರೆ ಇಪ್ಪತ್ತೊಂಬತ್ತು ತುಂಬಿದ ವಿನೋದಾ ಹುಟ್ಟಿದಾರಭ್ಯ ಒಂದು ಬೆಂಕಿಕಡ್ಡಿ ಗೀರಿದವಳಲ್ಲ.

“ಹೆಂಗಸರು ಅಲ್ಲಿಗೆ ಬರುವ ಕ್ರಮ ಇಲ್ಲ,” ಎಂದ ವಿಶ್ವನಾಥ. “ಅದೂ ಇವಳು! ದೀಪ ಹಚ್ಚಲಿಕ್ಕೇ ಪೆಟ್ಟಿಗೆ ನನ್ನ ಕೈಗೆ ಕೊಡ್ತಾಳೆ. ಎಂತ ವಿನೋದಾ, ನಿನ್ನಿಂದ ಆಗ್ತದಾ?”

“ಆಗುದಿಲ್ಲ ಚಿಕ್ಕಪ್ಪ,” ಎಂದಳು. ಹೇಳಿದೊಡನೆ ಹಗುರವೆನಿಸಿತು. ಮರುಗಳಿಗೆಯೇ ಎಷ್ಟು ನಾಚಿಕೆಯಾಯಿತೆಂದರೆ, ಅಪ್ಪನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು.

*

ಅವಳ ತಾಯಿ ಸರಸ ಸತ್ತದ್ದು ೧೯೮೪ರಲ್ಲಿ, ಸೀಮೆಎಣ್ಣೆಯ ಪಂಪ್ ಸ್ಟೌ ಸಿಡಿದು. ಏಳು ವರ್ಷದ ವಿನೋದಾ ಹೊಸ್ತಿಲಲ್ಲಿ ನಿಂತು ನೋಡಿದ್ದಳು. ಅಂದಿನಿಂದ ಅವಳಿಗೆ ಬೆಂಕಿಯ ಭಯ, ಕಾಂತಪ್ಪನಿಗೆ ಅವಳ ಭಯದ ಭಯ. ಮಗಳನ್ನು ಒಲೆಯ ಹತ್ತಿರ ಬಿಡಲೇ ಇಲ್ಲ. ಕಾಫಿ ಅವನೇ, ಸಾರು ಅವನೇ, ದೇವರ ದೀಪವೂ ಅವನೇ. ಪ್ರವಾಸಕ್ಕೆ ಹೊರಟರೆ ಜಯಲಕ್ಷ್ಮಮ್ಮನಲ್ಲಿ ಮಗಳ ಊಟಕ್ಕೆ ಹೇಳಿ ಹೋಗುತ್ತಿದ್ದ. ಹೆಣ್ಣು ನೋಡಲು ಬಂದವರು “ಅಡುಗೆ ಬರ್ತದಾ?” ಎಂದು ಕೇಳಿದರೆ “ನನಗೆ ಬರ್ತದೆ” ಎನ್ನುತ್ತಿದ್ದ. ಬಂದವರು ಕೇಸರಿಬಾತು ಹೊಗಳಿ ಎದ್ದು ಹೋಗುತ್ತಿದ್ದರು, ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ.

೧೯೯೯ರ ಬೇಸಿಗೆಯಲ್ಲಿ ಪೋಲೆಂಡಿಗೆ ಹೋಗಿ ಬಂದ ಮೇಲೆ ಅವನಿಗೆ ಹೊಸ ಹುಚ್ಚೊಂದು ಹಿಡಿಯಿತು. ಬೆಳಿಗ್ಗೆ ಎದ್ದು, ಅಕ್ಕಿಯನ್ನೋ ಬೇಳೆಯನ್ನೋ ಕುಕ್ಕರಿನಲ್ಲಿ ನೆನೆಹಾಕಿ, ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕ ಮಗಳು ನಿಲ್ಲುವ ಕಡೆಗೆ ಇಡುತ್ತಿದ್ದ.

“ಇವತ್ತು?”

“ಬೇಡಪ್ಪ.”

ಐದು ನಿಮಿಷ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ತಾನೇ ಗೀರುತ್ತಿದ್ದ. ಏಳು ವರ್ಷ, ಊರಲ್ಲಿದ್ದ ಒಂದು ದಿನವೂ ತಪ್ಪದೆ. ಒಮ್ಮೆ ಅವಳಿಗೆ ರೇಗಿಹೋಯಿತು. “ಯಾಕೆ ಸತಾಯಿಸ್ತೀರಿ ಅಪ್ಪ?”

“ಸತಾಯಿಸುದಲ್ಲ ಮಗಾ. ಕಾಯುದು.”

ಪೋಲೆಂಡಿನಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಒಂದೇ ಸಂಗತಿ ಹೇಳುತ್ತಿದ್ದ. “ಒಂದು ಕೋಣೆ ತುಂಬ ಪಾತ್ರೆ. ಕೊಲ್ಲಲಿಕ್ಕೆ ಕರೆತಂದಿದ್ದಾರೆ ಅಂತ ಗೊತ್ತಿಲ್ಲದೆ, ಪಾಪ, ಅಡುಗೆ ಮಾಡುವಾ ಅಂತ ಮನೆಯಿಂದ ಪಾತ್ರೆ ತಂದಿದ್ದಾರೆ ಆ ಜನ.”

*

ಎರಡು ಗಂಟೆಗೆ ಟ್ರಾವೆಲ್ ಕಂಪನಿಯ ಮ್ಯಾನೇಜರು ಕೃಷ್ಣಮೂರ್ತಿ ಹಾರ ಹಿಡಿದು ಬಂದರು. ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ನಡೆದಿತ್ತು. ಒಬ್ಬೊಬ್ಬರೇ ಬಗ್ಗಿ ಕಾಂತಪ್ಪನ ತುಟಿಗೆ ನಾಲ್ಕು ಕಾಳು ಸೋಕಿಸಿ ಸರಿಯುತ್ತಿದ್ದರು. ವಿನೋದಾಳೂ ಹಾಕಿದಳು. ಒಂದು ಕಾಳು ಜಾರಿ ಕಿವಿಯ ಹತ್ತಿರ ನಿಂತಿತು, ಅದನ್ನು ತೆಗೆದು ಮತ್ತೆ ತುಟಿಯ ಮೇಲಿಟ್ಟಳು.

“ಬೆಂಕಿ ಇಡೋದು ನೀನೇ ತಾನೇಮ್ಮಾ?” ಕೃಷ್ಣಮೂರ್ತಿ ಮೆಲ್ಲಗೆ ಕೇಳಿದರು.

“ಇಲ್ಲ ಸಾರ್. ಪ್ರವೀಣ ಇಡ್ತಾನೆ. ನಂಗೆ ಆಗುದಿಲ್ಲ.”

“ಆ ಪೋಲೆಂಡ್ ಟೂರಿನ ಹುಡುಗಿ ವಿಷಯ ನಿಮ್ಮಪ್ಪ ಹೇಳ್ಲಿಲ್ವಾ ನಿಂಗೆ?”

“ಯಾವ ಹುಡುಗಿ?”

ಕೃಷ್ಣಮೂರ್ತಿ ಚಪ್ಪಲಿ ಬಿಟ್ಟಿದ್ದ ಮೆಟ್ಟಿಲ ಮೇಲೆಯೇ ಕೂತರು. ಅವಳೂ ಕೂತಳು.

*

ಅವರು ಹೇಳಿದ್ದು ಇಷ್ಟು. ಮುಂಬಯಿ ಹತ್ತಿರದ ಠಾಣೆಯ ಕಡೆಯ ಹದಿನಾರು ಯೆಹೂದಿ ಮಕ್ಕಳು, ಮನೆಯಲ್ಲಿ ಮರಾಠಿ ಮಾತಾಡುವವರು. ಯುರೋಪಿನಲ್ಲಿ ತಮ್ಮ ಜನರನ್ನು ರೈಲಿನಲ್ಲಿ ತುಂಬಿ ತಂದು ಕೊಂದು ಸುಟ್ಟ ಜಾಗಗಳನ್ನು ನೋಡಲು ಹೊರಟಿದ್ದರು. ಈ ಮಕ್ಕಳ ಮನೆಯವರು ಯಾರೂ ಅಲ್ಲಿ ಸತ್ತವರಲ್ಲ. ಆದರೂ ನಮ್ಮವರೇ ಎಂದು ಹೋದದ್ದು. ಊಟಕ್ಕೆ ಅವರಲ್ಲಿ ಕಟ್ಟುನಿಟ್ಟು ಬಹಳ. ಸಸ್ಯಾಹಾರವಾದರೆ ತೊಡಕು ಕಡಿಮೆ ಎಂದು ಕೃಷ್ಣಮೂರ್ತಿ ತಮ್ಮ ಜೊತೆ ಕಾಂತಪ್ಪನನ್ನು ಕರೆದೊಯ್ದರು. ಆದರೆ ಅವರ ಗುರುಗಳು ಒಂದು ಷರತ್ತು ಹಾಕಿದರು: ಬೇರೆಯವರು ಅಡುಗೆ ಮಾಡಿದರೂ ಒಲೆಗೆ ಬೆಂಕಿಯನ್ನು ಮಾತ್ರ ತಮ್ಮವರೇ ಹಚ್ಚಬೇಕು.

ಕಾಂತಪ್ಪನಿಗೆ ಮೊದಲು ಮುಖ ಸಣ್ಣದಾಯಿತು. ಆಮೇಲೆ “ನಮ್ಮಲ್ಲಿ ಮಡಿ ಇಲ್ವಾ, ಅವರದ್ದೂ ಒಂದು ಮಡಿ” ಎಂದು ಒಪ್ಪಿದ. ಒಲೆ ಹಚ್ಚುವ ಕೆಲಸ ಹದಿನೈದು ವರ್ಷದ ಶುಲಮಿತ್‌ಳಿಗೆ ಬಿತ್ತು. ದಿನಾ ಬೆಳಿಗ್ಗೆ ಹಾಸ್ಟೆಲಿನ ಅಡುಗೆಮನೆಗೆ ಹಾಡಿಕೊಂಡು ಬಂದು, ಕಡ್ಡಿ ಗೀರಿ, “ಹೋ ಗಯಾ ಮಾಮಾ”, ಆಯಿತು ಮಾಮಾ, ಎಂದು ಓಡಿಹೋಗುತ್ತಿದ್ದಳು.

ಆಶ್‌ವಿಟ್ಜ್ ನೋಡಿ ಬಂದ ಮರುದಿನ ಅವಳು ಹಾಡಲಿಲ್ಲ. ಹಿಂದಿನ ದಿನ ಹೆಣ ಸುಡುವ ಒಲೆಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ಬಂದು ಬೆಂಕಿಪೆಟ್ಟಿಗೆ ಎತ್ತಿಕೊಂಡಳು, ಗೀರದೆ ಕೆಳಗಿಟ್ಟಳು.

“ನಾನು ನಿಮ್ಮಪ್ಪಂಗೆ ಬೈದೆನಮ್ಮಾ,” ಎಂದರು ಕೃಷ್ಣಮೂರ್ತಿ. “ಎಂಟಕ್ಕೆ ಬಸ್ಸು, ಬೇರೆ ಹುಡುಗನ್ನ ಕರೆದು ಹಚ್ಚಿಸಯ್ಯಾ ಅಂದೆ. ಕೇಳ್ಲಿಲ್ಲ. ಬೇರೆಯವ್ರು ಹಚ್ಚಿದ್ರೆ ಈ ಮಗು ಇನ್ನು ಜನ್ಮದಲ್ಲಿ ಒಲೆ ಹತ್ರ ಬರೋದಿಲ್ಲ ಸಾರ್, ಅಂದ. ನನ್ನ ಮನೇಲಿ ಒಂದು ಹಾಗೇ ಕೂತಿದೆ, ನಾನೇ ಅವಸರ ಮಾಡಿ ಎಲ್ಲಾ ಹಚ್ಚಿ ಹಚ್ಚಿ ಅವಳನ್ನ ಹಾಗೆ ಮಾಡಿಬಿಟ್ಟೆ, ಅಂದ.”

ವಿನೋದಾ ಮುಷ್ಟಿಯಲ್ಲಿದ್ದ ಬೆಂಕಿಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು.

“ಬೇರೆ ಮಕ್ಕಳು ಬ್ರೆಡ್ಡು ಬಾಳೆಹಣ್ಣು ತಿಂದ್ರು. ಇವ್ನು ಆಲೂಗಡ್ಡೆ ಸಿಪ್ಪೆ ತೆಗೀತಾ ಆ ಹುಡುಗಿ ಎದುರು ಕೂತ. ಎರಡೂವರೆ ಗಂಟೆ! ಕೊನೆಗೆ ಅವಳೇ ಕೇಳಿದ್ಲು, ಮಾಮಾ, ಕುಕ್ಕರ್‌ನಲ್ಲಿ ಏನಿದೆ ಅಂತ. ಇವ್ನು ಸೌಕಾರ್‌ಪೇಟೆ ಹಿಂದೀಲಿ ಹೇಳಿದ, ಈಗ ಅಕ್ಕಿ ಇದೆ ಮಗೂ. ನೀನು ಹಚ್ಚಿದ್ರೆ ಅನ್ನ.”

“ಹಚ್ಚಿದಳಾ?”

“ಹಚ್ಚಿದ್ಲು. ಆವತ್ತಿನ ತಿಂಡಿ ಹತ್ತು ಗಂಟೆಗೆ.”

*

ಶವದ ವ್ಯಾನು ಹತ್ತುವಾಗ ವಿನೋದಾ ಯಾರನ್ನೂ ಕೇಳಲಿಲ್ಲ. “ಇದೆಂತ ಹೊಸ ಕ್ರಮ?” ಎಂದು ವಿಶ್ವನಾಥ ಅಡ್ಡ ಬಂದ. ಜಯಲಕ್ಷ್ಮಮ್ಮ, ಏಕಾದಶಿ ತಪ್ಪಿಸದ ಮಡಿಯ ಹೆಂಗಸು, ಬಾಗಿಲಲ್ಲಿ ನಿಂತು ಅಂದರು, “ಸತ್ತವನ ಮಾತು ದೊಡ್ಡದೋ ನಿನ್ನ ಕ್ರಮ ದೊಡ್ಡದೋ ವಿಶ್ವನಾಥ? ಹೋಗ್ಲಿ ಬಿಡು.”

ಮಸಣದಲ್ಲಿ ಬೆರಣಿ ಜೋಡಿಸಿ ಆಗಿತ್ತು. ಎದೆಯ ಮೇಲೆ ಕರ್ಪೂರ ಇಟ್ಟಿದ್ದರು. ವಿನೋದಾ ಪೆಟ್ಟಿಗೆ ತೆರೆದು ಕಡ್ಡಿ ಹೊರತೆಗೆದಳು. ಕೈ ಏಳಲಿಲ್ಲ. ಸ್ಟೌ ಸಿಡಿದ ಸದ್ದು, ಅಮ್ಮನ ಸೀರೆಯ ಬಣ್ಣ, ಎಲ್ಲ ಇದ್ದ ಹಾಗೇ ಬಂದು ನಿಂತವು.

“ಸೀಕ್ರಂ ಅಮ್ಮಾ, ಅಡುತ್ತ ಬಾಡಿ ವಂದಾಚ್ಚು,” ಎಂದು ಮಸಣದ ಆಳು ಅವಸರ ಮಾಡಿದ. ಮುಂದಿನ ಹೆಣದ ತಮಟೆ ಗೇಟಿನ ಹತ್ತಿರ ಕೇಳುತ್ತಿತ್ತು.

“ಅಕ್ಕಾ, ಕೊಡು, ನಾನ್ ಮಾಡ್ತೇನೆ,” ಎಂದ ಪ್ರವೀಣ್, ಪಾಪ, ಒದ್ದೆ ಪಂಚೆಯಲ್ಲಿ.

“ಬೇಡ. ಸ್ವಲ್ಪ ಕಾಯಿರಿ.”

ವಿಶ್ವನಾಥ ಗಡಿಯಾರ ನೋಡಿಕೊಂಡ. ಕೃಷ್ಣಮೂರ್ತಿ ಹತ್ತಿರದ ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತುಬಿಟ್ಟರು. ಅದನ್ನು ನೋಡಿ ಪ್ರವೀಣನೂ ಕೂತ. ಸ್ವಲ್ಪ ಹೊತ್ತು ಅತ್ತಿತ್ತ ತಿರುಗಿ, ಬೇರೆ ದಾರಿ ಕಾಣದೆ ವಿಶ್ವನಾಥನೂ ಕೂತ.

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿದ ಕೂಡಲೆ ಅವಳೇ ಹೆದರಿ ಎಸೆದಳು. ಮೂರನೆಯದನ್ನು ಎರಡೂ ಕೈಯಲ್ಲಿ ಮರೆಮಾಡಿ ಕರ್ಪೂರದವರೆಗೆ ಒಯ್ದಳು.

*

ಮನೆಗೆ ಬಂದು ಎಲ್ಲರ ಸ್ನಾನವಾಗುವಾಗ ಆರೂವರೆ. ತಲೆ ಒದ್ದೆಯಾದ ಜನ ಹಾಲ್‌ನಲ್ಲಿ ಗೋಡೆಗೊರಗಿ ಕೂತಿದ್ದರು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

“ಹುಳಿ ಮಾಡಿದೀನಿ, ಅನ್ನಾನೂ ಇಟ್ಟುಬಿಡ್ತೀನಿ,” ಎಂದರು ಜಯಲಕ್ಷ್ಮಮ್ಮ ಬಾಗಿಲಿಗೆ ಬಂದು. “ಈ ಮನೆ ಒಲೆ ಹಚ್ಚೋರು ಯಾರಿದಾರೆ ಇನ್ನು.”

“ಹುಳಿ ಸಾಕು ಅಮ್ಮ,” ಎಂದಳು ವಿನೋದಾ.

ಒಳಗೆ ಹೋಗಿ ಕುಕ್ಕರಿನ ಮುಚ್ಚಳ ತೆಗೆದಳು. ಬೆಳಿಗ್ಗೆ ಅಪ್ಪ ನೆನೆಹಾಕಿದ್ದ ಅಕ್ಕಿ ನೀರು ಕುಡಿದು ಬೆಳ್ಳಗೆ ಉಬ್ಬಿತ್ತು. ನೀರು ಬಸಿದು, ಬೇರೆ ನೀರು ಹಾಕಿದಳು. ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ, ಅಂದಾಜಿಗೆ ಹಾಕಿದಳು. ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕ ಇಟ್ಟು ಸ್ಟೂಲಿನ ಮೇಲೆ ಕೂತಳು.

ಒಲೆಯ ಮೇಲೆ ಕುಕ್ಕರು ಮೊದಲ ಸೀಟಿ ಹಾಕಿದಾಗ, ಹಾಲ್‌ನಲ್ಲಿ ಕೂತಿದ್ದವರೆಲ್ಲ ಬೆಚ್ಚಿ, ಅಡುಗೆಮನೆಯಲ್ಲಿ ಯಾರಿದ್ದಾರೆ ಎಂದು ಕತ್ತೆತ್ತಿ ನೋಡಿದರು.