ಸುಮಾತ್ರದ ಮೇಲಿಂದ ಬಂದ ಮುಂಗಾರು

ನಮ್ಮ ಮಾವ ಸಂಗನಬಸಪ್ಪನವರಿಗೆ ಗಾಳಿಯ ಹುಚ್ಚು. ಗಜೇಂದ್ರಗಡದಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವರು. ಅಂಚೆಕಾರ್ಡು ಕೊಳ್ಳಲು ಬಂದವರೂ ಗಾಳಿ ಯಾವಾಗ ತಿರುಗುತ್ತದೆ ಎಂದು ಅವರನ್ನೇ ಕೇಳಿ ಹೋಗುತ್ತಿದ್ದರಂತೆ. ಮಗನ ಜೊತೆ ಇರಲು ಸಿಂಗಾಪುರಕ್ಕೆ ಬಂದ ಮೇಲೂ ಬಿಡಲಿಲ್ಲ. ಬೆಡೋಕ್‌ನ ನಮ್ಮ ಹನ್ನೊಂದನೇ ಮಹಡಿಯ ಕಾರಿಡಾರಿನಲ್ಲಿ ಧೋತರ ಉಟ್ಟು ನಿಂತು, ದಿನಾ ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದರು. ನಾನು ಆಫೀಸಿನ ಐಡಿ ಕಾರ್ಡು ಹುಡುಕುತ್ತಾ ಹೂಂಗುಟ್ಟಬೇಕು. ಬೆಂಗಳೂರಿನಲ್ಲಿ ಬೆಳೆದ ನನಗೆ ಗಾಳಿ ಎಂದರೆ ಫ್ಯಾನಿನಿಂದ ಬರುವಂಥದ್ದು, ಅಷ್ಟೆ.

ಅವರ ಹುಚ್ಚಿಗೆ ಒಂದು ಕಾರಣವೂ ಇತ್ತು. ಅತ್ತೆ ಮುರಿಗೆವ್ವನವರಿಗೆ ಮೊದಲಿನಿಂದ ಉಬ್ಬಸ. ಬೇಸಿಗೆಯ ಧೂಳಿನಲ್ಲಿ ಅವರ ಜೀವ ಹಿಂಡಿದಂತಾಗುತ್ತಿತ್ತಂತೆ. ಮುಂಗಾರು ಗಾಳಿ ಬೀಸಿದ ದಿನ ಮಾವ ತಾವೇ ಹೊರಸು ಮಂಚ ಹೊತ್ತು ಮಾಳಿಗೆಗೆ ಒಯ್ದು, ಪಡುವಣಕ್ಕೆ ಮುಖ ಮಾಡಿಸಿ ಅತ್ತೆಯನ್ನು ಕೂರಿಸುತ್ತಿದ್ದರು. ಆ ರಾತ್ರಿ ಅತ್ತೆ ಕೆಮ್ಮದೆ ನಿದ್ದೆ ಮಾಡುತ್ತಿದ್ದರು. ಮದುವೆಯಾದಾಗಿನಿಂದ ಒಂದು ವರ್ಷವೂ ಇದು ತಪ್ಪಿರಲಿಲ್ಲ. ಹೆಂಡತಿಗೆ ಒಂದು ಸೀರೆ ಚೆನ್ನಾಗಿದೆ ಎಂದು ಹೇಳಲು ಬಾರದ ಮನುಷ್ಯ, ಹೊರಸು ಮಾತ್ರ ಆಳಿನ ಕೈಗೆ ಕೊಡುತ್ತಿರಲಿಲ್ಲ.

ಎರಡು ಸಾವಿರದ ಹದಿಮೂರರ ಜೂನ್. ಒಂದು ಬೆಳಿಗ್ಗೆ ಎದ್ದು ನೋಡಿದರೆ ಎದುರಿನ ಬ್ಲಾಕೇ ಇಲ್ಲ! ಬೂದು ಹೊಗೆ, ಸುಟ್ಟ ಸೌದೆಯ ವಾಸನೆ, ಕಣ್ಣಲ್ಲಿ ಉರಿ. ಎಲ್ಲಾ ಕಿಟಕಿ ಮುಚ್ಚಿ, ಸಂದುಗಳಿಗೆ ಪಾರ್ಸೆಲ್ ಟೇಪು ಅಂಟಿಸಿದೆ. ಬ್ಯೂನಾ ವಿಸ್ಟಾದ ಆಫೀಸಿಗೆ ಬರುವುದಿಲ್ಲ ಎಂದು ಮೆಸೇಜ್ ಹಾಕಿದೆ. ಗಂಡ ಶಿವಪ್ರಸಾದ ಮಾತ್ರ ಕಾಕಿ ಬುಕಿತ್‌ನ ಗೋದಾಮಿಗೆ ಹೋಗಲೇಬೇಕಾಯಿತು.

"ಮಾವ, ಏನೇ ಆದ್ರೂ ಕಿಟಕಿ ತೆಗೀಬೇಡಿ. ಹೊರಗಡೆ ಏರ್ ತುಂಬಾ ಬ್ಯಾಡ್ ಆಗಿದೆ" ಎಂದೆ.

"ಈ ಹೊಗಿ ಎಲ್ಲಿಂದ ಬರಾಕತ್ತದ?"

"ಇಂಡೋನೇಷ್ಯಾದಿಂದ."

ಮಾವ ನಕ್ಕುಬಿಟ್ಟರು. "ಬ್ಯಾರೆ ದೇಶದ ಹೊಗಿ ಸಮುದ್ರ ದಾಟಿ ನಮ್ಮ ಮನಿಗೆ ಬರ್ತದ? ಯಾರರ ಕೇಳಿದ್ರ ನಕ್ಕಾರವಾ!"

ವಾದ ಮಾಡಲು ನನಗೆ ತಾಳ್ಮೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಅತ್ತೆಗೆ ಇನ್‌ಹೇಲರ್ ಕೊಟ್ಟು, ಮಾಸ್ಕ್ ಹುಡುಕಲು ಕೆಳಗಿಳಿದೆ. ಬೆಡೋಕ್‌ನ ಒಂದು ಅಂಗಡಿಯಲ್ಲೂ ಮಾಸ್ಕ್ ಇಲ್ಲ. ಕೊನೆಗೆ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಸರದಿ ನಿಂತು ನಾಲ್ಕು ಗಿಟ್ಟಿಸಿಕೊಂಡೆ. ಹೊಗೆಯ ಲೆಕ್ಕ ನಾನೂರು ದಾಟಿತು ಎಂದು ಫೋನು ತೋರಿಸಿತು. ಮುನ್ನೂರು ದಾಟಿದರೇ ಅಪಾಯ ಎಂದಿದ್ದರು.

ಮನೆಯ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ.

ಹಾಲಿನ ದೊಡ್ಡ ಕಿಟಕಿ ಹಾರು ಹೊಡೆದಿತ್ತು. ಟೇಪು ಕಿತ್ತು ಉಂಡೆ ಮಾಡಿ ನೆಲಕ್ಕೆ ಎಸೆದಿದ್ದರು. ಕಿಟಕಿಗೆ ಅಂಟಿದಂತೆ ಕುರ್ಚಿ ಹಾಕಿ, ಅದರಲ್ಲಿ ಅತ್ತೆಯನ್ನು ಪಡುವಣಕ್ಕೆ ಮುಖ ಮಾಡಿಸಿ ಕೂರಿಸಿದ್ದರು. ಪರದೆ ಪಟಪಟ ಹಾರುತ್ತಿತ್ತು. ಮಾವ ಹಿಂದೆ ನಿಂತು ಅತ್ತೆಯ ಬೆನ್ನು ನೀವುತ್ತಾ, "ಗಾಳಿ ಕುಡಿ... ಇನ್ನೊಂದೀಟು ಕುಡಿ" ಎನ್ನುತ್ತಿದ್ದರು. ಅತ್ತೆಯ ತುಟಿ ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು.

"ಮಾವಾ! ಏನ್ ಮಾಡ್ತಿದ್ದೀರಾ!" ನನ್ನ ಕಿರುಚಾಟಕ್ಕೆ ಪಕ್ಕದ ಮನೆಯ ಮಲಯ್ ಆಂಟಿ ಓಡಿ ಬಂದರು.

"ಮನಿಯಾಗ ಹೊಗಿ ತುಂಬಿತ್ತು. ಆಕಿಗೆ ದಮ್ಮು ಹತ್ತಿತು. ಮುಂಗಾರಿ ಗಾಳಿ ಬಿಟ್ಟದ ನೋಡು, ಹೊಗೀನೆಲ್ಲಾ ತಗೊಂಡು ಹೋಗ್ತದ ಅಂತ..." ಮಾವ ನನ್ನ ಮುಖ ನೋಡಿದರು. ಆ ಕಣ್ಣಲ್ಲಿ ತಪ್ಪು ಮಾಡಿದ ಭಯ ಇರಲಿಲ್ಲ, ಬರೀ ದಿಗ್ಭ್ರಮೆ. "ಇಷ್ಟೊತ್ತಾತು, ಯಾಕ ಆರಾಮ ಆಗವಲ್ದು?"

ಆಂಟಿ ಕಿಟಕಿ ದಬದಬ ಮುಚ್ಚಿದರು. ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ನನ್ನ ಮನೆಯ ನಂಬರೇ ನನಗೆ ನೆನಪಾಗದೆ ಆಂಟಿಯನ್ನು ಕೇಳಿ ಹೇಳಿದೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಮಾವನಿಗೆ ಅದನ್ನು ಕನ್ನಡಕ್ಕೆ ತಿರುಗಿಸಲು ನನಗೆ ಧೈರ್ಯ ಬರಲಿಲ್ಲ. ಆದರೆ ಡಾಕ್ಟರ ಮುಖ ನೋಡಿಯೇ ಅವರಿಗೆ ತಿಳಿದಿತ್ತು.

ಶಿವಪ್ರಸಾದ ಗೋದಾಮಿನಿಂದ ಓಡಿ ಬಂದ. ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ ನಕಾಶೆ ತೆರೆದು ತೋರಿಸಿದ. "ಅಪ್ಪಾ, ನಮ್ಮೂರಿಗೆ ಮುಂಗಾರಿ ಬರೂದು ಬರೇ ನೀರಿನ ಮ್ಯಾಲಿಂದ. ಇಲ್ಲಿಗೆ ಬರೂಮುಂದ ಇಂಡೋನೇಷ್ಯಾದ ಸುಮಾತ್ರ ದಾಟಿ ಬರಬೇಕು. ಅಲ್ಲಿ ಅಡವಿ ಸುಡಾಕತ್ತಾರ. ಆ ಹೊಗೀನ್ನ ಗಾಳೀನಽ ಹೊತ್ಕೊಂಡು ಬರ್ತದ."

"ಅಂದ್ರ... ಅದಽ ಗಾಳಿ?"

"ಅದಽ ಕಾಲದ ಗಾಳಿ. ಬರೂ ಹಾದಿ ಬ್ಯಾರೆ."

ಮಾವ ಫೋನನ್ನು ಕೈಗೆ ತೆಗೆದುಕೊಂಡು ಆ ನಕಾಶೆಯನ್ನು ನೋಡಿದರು. ಬಾಣಗಳೆಲ್ಲ ಸುಮಾತ್ರ ದಾಟಿ ನಮ್ಮ ಪುಟ್ಟ ಚುಕ್ಕೆಯ ಕಡೆಗೇ ಮುಖ ಮಾಡಿದ್ದವು. "ನಾನಽ ಕೈಯಾರೆ ಆಕೀನ್ನ ಅದರ ಬಾಯಿಗೆ ಕೊಟ್ಟೆ" ಎಂದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಯ್ಯೋ ಅನ್ನಿಸಿತು.

ಸಂಜೆ ನಾನು ಕ್ಯಾಂಟೀನಿನಿಂದ ಗಂಜಿ ತರಲು ಹೋದೆ. ಶಿವಪ್ರಸಾದ ಬಿಲ್ಲು ಕಟ್ಟುವ ಕೌಂಟರಿನಲ್ಲಿದ್ದ. ತಿರುಗಿ ಬಂದಾಗ ವಾರ್ಡಿನ ಬಾಗಿಲಲ್ಲಿ ಇಬ್ಬರು ನರ್ಸುಗಳು ಗಾಬರಿಯಿಂದ ಕೈ ಆಡಿಸುತ್ತಿದ್ದರು.

ಮಾವ ಅತ್ತೆಯ ಹಾಸಿಗೆಯ ಪಕ್ಕದ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಹೆಗಲ ಮೇಲಿನ ಶಲ್ಯವನ್ನು ನಾಲ್ಕು ಮಡಿಕೆ ಮಾಡಿ, ಚಾವಣಿಯಲ್ಲಿದ್ದ ಎಸಿಯ ಬಾಯಿಗೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಕಾಲ ಕೆಳಗಿನ ಕುರ್ಚಿ ಅಲುಗಾಡುತ್ತಿತ್ತು.

"ಅಂಕಲ್, ಕಮ್ ಡೌನ್ ಲಾ! ಓನ್ಲಿ ಏರ್‌ಕಾನ್!" ಎಂದಳು ನರ್ಸು.

ಮಾವ ನನ್ನ ಕಡೆ ತಿರುಗಿದರು. "ಆ ಹುಡುಗೀನ್ನ ಕೇಳವಾ. ಇದು ಯಾ ಕಡೀ ಗಾಳಿ?"

ಜೀವಮಾನವಿಡೀ ಊರಿಗೆ ಗಾಳಿಯ ದಿಕ್ಕು ಹೇಳಿದ ಮನುಷ್ಯ. "ಇದು ಮಿಷಿನ್ ಗಾಳಿ ಮಾವ, ಇಳೀರಿ, ಏನೂ ಆಗಲ್ಲ" ಎಂದೆ. ನಂಬಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದರು.

ಆಗ ಹಾಸಿಗೆಯಿಂದ ಒಂದು ಕೈ ಮೇಲೆದ್ದು ಅವರ ಧೋತರದ ಅಂಚು ಹಿಡಿಯಿತು. ಅತ್ತೆ ಇನ್ನೊಂದು ಕೈಯಿಂದ ಆಕ್ಸಿಜನ್ ಮಾಸ್ಕ್ ಸರಿಸಿದ್ದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಹೇಳಿದರು:

"ಇಳೀರಿ... ನೀವು ಬಿದ್ರ... ನನಗ ಯಾರ ಅದಾರ್ರಿ?"