ನಾಳೆ ತೆಗೆಯುವುದು

ಶೇಕಡಾ ತೊಂಬತ್ತಮೂರು ತುಂಬಿದೆ, ಹೋದ ವಾರ ತೊಂಬತ್ತೊಂದಿತ್ತು, ಕನ್ನಡಕ ಒರೆಸಿಕೊಂಡು ನೋಡಿದರೂ ತೊಂಬತ್ತಮೂರೇ, ಪರದೆಯ ಮೇಲಿನ ಪಟ್ಟಿ ಕಿತ್ತಳೆಯಿಂದ ಕೆಂಪಿಗೆ ಹೊರಳುತ್ತಿದೆ — ಚಹಾ ಆರಿಹೋಯಿತು, ಇರಲಿ — ಆಸ್ಪತ್ರೆಯ ಅರವತ್ತು ವರ್ಚುವಲ್ ಮಷೀನುಗಳು, ಮೈಯಿಲ್ಲದ ಕಂಪ್ಯೂಟರುಗಳು, ಅವಳು ನೋಡಿಕೊಳ್ಳುವ ಒಂದೇ ಸ್ಟೋರೇಜಿನಲ್ಲಿ ಮೈಗೆ ಮೈ ಒತ್ತಿಕೊಂಡು ಕೂತಿವೆ, ಅದು ತುಂಬಿತೋ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ, ಉಳಿದಿರುವುದು ಮೂರು ವಾರ, ಹೊಸ ಡಿಸ್ಕು ಬರಲು ಆರು ವಾರ, ಹನ್ನೊಂದು ಗಂಟೆಯ ಮೀಟಿಂಗಿಗೆ ಅವಳೇ ಬರೆದ ಯೋಜನೆಯಲ್ಲಿ ಲ್ಯಾಬಿನ ಮಷೀನು ಮಿತಿಮೀರಿ ಬೆಳೆಯುತ್ತಿದೆ ಎಂಬ ಸಾಲು, ನಿನ್ನೆ ಕ್ಯಾಂಟೀನಿನಲ್ಲಿ ಎಲ್ಲರೆದುರು ಅವಳ ತಮಾಷೆ ಬೇರೆ, ಲ್ಯಾಬಕ್ಕಾ, ನಿಮ್ಮದೊಂದು ಹೊಟ್ಟೆಬಾಕ ಸಾಕಿ ಸಾಕಾಯ್ತು ನಂಗೆ, ಎಲ್ಲರೂ ನಕ್ಕಿದ್ದರು, ಲ್ಯಾಬಿನ ಹಿರಿಯಕ್ಕ ಮಾತ್ರ ತಟ್ಟೆ ನೋಡುತ್ತ, ನಾವೇನ್ ಮಾಡೋದಮ್ಮಾ, ಬಂದಷ್ಟು ಜನಕ್ಕೆ ವರದಿ ಕೊಡ್ಬೇಕಲ್ಲ — ಈಗ ಆ ಹೊಟ್ಟೆಬಾಕನ ಹೊಟ್ಟೆ ಬಿಚ್ಚಿ ನೋಡಿದರೆ ಒಳಗೊಂದು ಸ್ನ್ಯಾಪ್‌ಶಾಟ್, ಎಂಟು ತಿಂಗಳ ಹಿಂದಿನದು, ಅಪ್‌ಗ್ರೇಡಿಗೆ ಮುಂಚೆ, ಕೆಟ್ಟರೆ ಹಿಂದಿರುಗಲೆಂದು ಇಟ್ಟ ಗುರುತು, ಆ ದಿನದಿಂದ ಬದಲಾದದ್ದೆಲ್ಲ ಅದರ ಬೆನ್ನಿಗೆ ಬೇರೆಯಾಗಿ ಬೆಳೆದು ಬೆಳೆದು ಮಷೀನಿಗಿಂತ ದಪ್ಪವಾಗಿದೆ, ಅದಕ್ಕಿಟ್ಟ ಹೆಸರು 'ನಾಳೆ ತೆಗೆಯುವುದು', ಇಟ್ಟವಳು ಅವಳೇ.

ಯಾರಿಗೂ ಗೊತ್ತಿಲ್ಲ, ಈಗಲೇ ಅಳಿಸುವ ಗುಂಡಿ ಒತ್ತಿಬಿಟ್ಟರೆ ಸದ್ದಿಲ್ಲದೆ ಹೋಗುತ್ತದೆ, ಆದರೆ ಬೆಳೆದದ್ದೆಲ್ಲ ಮೂಲಕ್ಕೆ ಸೇರಬೇಕು, ಓಡುವ ಮಷೀನಿನಲ್ಲಿ ಸೇರಿಸಹೊರಟರೆ ನಡುವೆ ಕಲ್ಲಾಗಿ ಕೂತರೂ ಕೂತೀತು, ಯಾರದೋ ವರದಿ ಅರ್ಧಕ್ಕೆ — ಬೆಳಿಗ್ಗೆ ಮೆಟ್ಟಿಲ ಬಳಿ ಕಂಡವರು, ರಕ್ತ ಕೊಟ್ಟು ಬಂದು ಬೆಂಚಿನಲ್ಲಿ ಕೂತಿದ್ದ ಮುದುಕರು, ಹತ್ತಿಯುಂಡೆಯನ್ನು ಒಳಗಿಟ್ಟು ಮಡಿಸಿ ಹಿಡಿದ ತೋಳು — ನಿಲ್ಲಿಸಿಯೇ ಮಾಡಬೇಕು, ನಿಲ್ಲಿಸಲು ಕೇಳಬೇಕು, ಕೇಳಿದರೆ ಯಾಕೆ ಅಂತಾರೆ, ಚಿಕ್ಕಂದಿನಲ್ಲಿ ಅವಳ ಅಜ್ಜಿ ಪದ್ಯ ಹೇಳುತ್ತ ಹೇಳುತ್ತ ಒಂದು ಸಾಲು ಜಾರಿದರೆ ರಾಗದಲ್ಲಿ ಮುಚ್ಚುತ್ತಿರಲಿಲ್ಲ, ತಡಿ, ತಪ್ಪಿತು ಎಂದು ಬಾಯಿಬಿಟ್ಟು ಹೇಳಿ ಮತ್ತೆ ಎತ್ತಿಕೊಳ್ಳುತ್ತಿದ್ದಳು, ಕೇಳುವವರಿಗೆ ಗೊತ್ತಾಗ್ತಿರಲಿಲ್ಲವಲ್ಲ ಅಜ್ಜೀ, ಹೇಳೋ ನಾಲಿಗೆಗೆ ಗೊತ್ತಲ್ಲ ಮಗಾ, ಫೋನು ಆಗಲೇ ಕೈಯಲ್ಲಿದೆ, ಆ ಕಡೆ ಲ್ಯಾಬಿನ ಹಿರಿಯಕ್ಕ, ಹಲೋ ಹಲೋ ಯಾರು, ಅಕ್ಕಾ, ನಾನು, ನಿಮ್ಮ ಮಷೀನು ಒಂದು ಗಂಟೆ ನಿಲ್ಲಿಸ್ಬೇಕು, ಈಗ್ಲಾ, ಈಗ್ಲೇ, ಹೊಟ್ಟೆಬಾಕ ನಿಮ್ದಲ್ಲ ಅಕ್ಕಾ, ನಂದು, ನಾನಿಟ್ಟಿದ್ದು ನಾನೇ ಮರ್ತೆ, ಮೀಟಿಂಗಲ್ಲೂ ಹೇಳ್ತೀನಿ — ಅಲ್ಲಮ್ಮಾ, ಕ್ಯಾಂಟೀನಲ್ಲಿ ಅಷ್ಟು ಜೋರಾಗಿ ಅಂದಿದ್ದನ್ನ ಇಲ್ಲಿ ಇಷ್ಟು ಮೆತ್ತಗೆ ಹೇಳಿದ್ರೆ ಹೇಗೆ, ಅಲ್ಲೇ ಹೇಳ್ತೀನಿ ಅಕ್ಕಾ, ಅಷ್ಟೇ ಜೋರಾಗಿ, ಹೂಂ, ತಗೋ ಒಂದು ಗಂಟೆ, ಕಾಯೋರಿಗೆ ನಾನು ಹೇಳ್ತೀನಿ.

ಮಷೀನು ನಿಲ್ಲಿಸಿ ಒತ್ತಿದಳು, ಸೇರಿದ್ದು ಶೇಕಡಾ ಹತ್ತು, ನಲವತ್ತು, ಯೋಜನೆಯಲ್ಲಿ ಲ್ಯಾಬಿನ ಸಾಲು ಹೊಡೆದು, ಸ್ನ್ಯಾಪ್‌ಶಾಟಿಗೆಂದೇ ಸ್ಟೋರೇಜಿನ ಐದರಲ್ಲೊಂದು ಪಾಲು ಮೀಸಲು, ಮೂರು ದಿನ ದಾಟಿದ್ದು ತಾನಾಗಿ ಅಳಿಯಬೇಕು ಎಂದು ಬರೆದು, ಎಂಬತ್ತು, ತೊಂಬತ್ತೊಂಬತ್ತು, ಇಲ್ಲಿ ಯಾವಾಗಲೂ ಹೀಗೇ ನಿಲ್ಲುತ್ತದೆ, ಸತ್ತಿಲ್ಲ, ಒಳಗೆ ಸೇರುತ್ತಿದೆ, ಮುಟ್ಟಬಾರದು, ಕೇಳಿದ ಗಂಟೆಯಲ್ಲಿ ಉಳಿದಿರುವುದು ನಾಲ್ಕು ನಿಮಿಷ, ತೊಂಬತ್ತೊಂಬತ್ತು, ಕೆಳಗೆ ಬೆಂಚು, ತೊಂಬತ್ತೊಂಬತ್ತು, ಹತ್ತಿಯುಂಡೆ, ಮಡಿಸಿದ ತೋಳು, ಇನ್ನೂ ಮಡಿಸಿಯೇ ಇರುವ ತೋಳು