ಹತ್ತೊಂಬತ್ತು ವೋಲ್ಟು

ಮಂಗಳವಾರ ಸಿಡಿಲು ಬಡಿದಿತ್ತೋ ಇಲ್ಲವೋ ಎಂಬುದು ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆ ಬೆಳಿಗ್ಗೆ ತೀರ್ಮಾನವಾಗಲೇಬೇಕಿದ್ದ ಘನವಾದ ಪ್ರಶ್ನೆಯಾಗಿತ್ತು. ಜಂಗಮಕೋಟೆಯ ರಾಮಾಂಜಿನಪ್ಪನವರು ಬಡಿದಿತ್ತು ಎನ್ನುತ್ತಿದ್ದರು. ಅವರ ಹೆಂಡತಿ ರಾಮಲಕ್ಷ್ಮಮ್ಮನವರ ಪ್ರಕಾರ ಆ ವಾರ ಆಕಾಶದಲ್ಲಿ ಮೋಡವೇ ಇರಲಿಲ್ಲ.

"ಮಂಗಳವಾರ ನಾನು ಮೆಣಸಿನಕಾಯಿ ಒಣಗಾಕಿದ್ದೆ ಕಣಮ್ಮ. ಸಿಡ್ಲು ಬಂದಿದ್ರೆ ನಂಗೆ ಕೇಳಿಸ್ತಿರ್ಲಿಲ್ವಾ?" ಎಂದರು ಅವರು ಅಂಗಡಿಯವಳಿಗೆ.

"ನಿಂಗೆ ಮಿಕ್ಸಿ ಸದ್ದೊಂದು ಬಿಟ್ರೆ ಇನ್ನೇನು ಕೇಳ್ಸುತ್ತೆ?" ಎಂದರು ರಾಮಾಂಜಿನಪ್ಪ.

ಅಂಗಡಿಯ ಒಡತಿ ಜ್ಯೋತಿಲಕ್ಷ್ಮಿ ಇಬ್ಬರಿಗೂ ಸಮನಾಗಿ ತಲೆಯಾಡಿಸುತ್ತ, ಸಿಡಿಲಿಗೆ ಸುಟ್ಟಿತೆಂದು ಅವರು ತಂದಿದ್ದ ಹಾರ್ಡ್‌ಡಿಸ್ಕನ್ನು ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿದಳು. ಹಸಿರು ಬೋರ್ಡು ಕೈಗೆ ಬಂತು. ಅದರ ಒಂದು ಮೂಲೆ ಸುಟ್ಟು ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದು ಮೂಸಿದಳು.

ಆ ಡಿಸ್ಕಿನಲ್ಲಿದ್ದದ್ದು ಕಲ್ಲುಗಳು. ಲೈನ್‌ಮನ್ ಆಗಿ ಮೂವತ್ತೈದು ವರ್ಷ ಕಂಬ ಹತ್ತಿ ನಿವೃತ್ತರಾದ ಮೇಲೆ ರಾಮಾಂಜಿನಪ್ಪನವರು ಹನ್ನೊಂದು ವರ್ಷ ಸ್ಕೂಟರಿನಲ್ಲಿ ಊರೂರು ತಿರುಗಿ ನಾನೂರಕ್ಕೂ ಹೆಚ್ಚು ವೀರಗಲ್ಲುಗಳ ಫೋಟೊ ತೆಗೆದಿದ್ದರು. ಅಂಬಾಜಿದುರ್ಗದ ಆಸುಪಾಸಿನಲ್ಲಿ ಅವರು ಕಂಡ ಕೆಲವು ವೀರರು ಆಮೇಲೆ ಜಲ್ಲಿಯಾಗಿ ರಸ್ತೆ ಸೇರಿದ್ದರು. ಒಬ್ಬಿಬ್ಬರು ಬಟ್ಟೆ ಒಗೆಯುವ ಕೆಲಸಕ್ಕೆ ನೇಮಕಗೊಂಡಿದ್ದರು. ಇವರೆಲ್ಲರ ಮುಖ ಈಗ ಉಳಿದಿದ್ದರೆ ಈ ಡಿಸ್ಕಿನಲ್ಲಿ ಮಾತ್ರ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಜ್ಯೋತಿಲಕ್ಷ್ಮಿ ಡ್ರಾಯರಿನಿಂದ ಗುಜರಿಗೆ ಬಿದ್ದಿದ್ದ ಸಿಸಿಟಿವಿಗಳ ಹಳೇ ಡಿಸ್ಕುಗಳನ್ನು ಸುರಿದು, ಒಂದೊಂದರ ನಂಬರನ್ನೂ ಓದಿ ಪಕ್ಕಕ್ಕಿಟ್ಟಳು. ಎಂಟನೆಯದರ ಬೋರ್ಡು ಸುಟ್ಟದ್ದಕ್ಕೆ ಹೊಂದಿತು.

"ಹಂಗಾದ್ರೆ ಬದಲಾಯ್ಸಿಬಿಡಮ್ಮ, ಫ್ಯೂಸ್ ಹಾಕ್ದಂಗೆ."

"ಅಷ್ಟು ಸಲೀಸಲ್ಲ ಸಾರ್. ನಿಮ್ಮ ಡಿಸ್ಕಿನ ಗುಣ, ನಡತೆ ಎಲ್ಲಾ ಈ ಎಂಟು ಕಾಲಿನ ಚಿಪ್ಪಲ್ಲಿದೆ. ಇದನ್ನ ಕಿತ್ತು ಹೊಸ ಬೋರ್ಡಿಗೆ ಕೂರಿಸ್ಬೇಕು. ಸಿಡ್ಲು ಬಡಿದಿದ್ರೆ ಇದೂ ಹೋಗಿರತ್ತೆ, ಡಿಸ್ಕಿನ ಒಳಗೂ ಸುಟ್ಟಿರತ್ತೆ. ಆಗ ನಾನು ಕೈ ಹಾಕಲ್ಲ, ಬೆಂಗಳೂರಿಗೆ ತಗೊಂಡೋಗಿ. ಬೇರೆ ಚಾರ್ಜರ್ ಹಾಕಿ ಸುಟ್ಟಿದ್ರೆ ಚಿಪ್ಪು ಬದುಕಿರೋ ಆಸೆ ಇದೆ." ಅವಳು ತಲೆ ಎತ್ತಿದಳು. "ನಿಜ ಹೇಳಿ ಸಾರ್. ಸಿಡ್ಲೇನಾ?"

ರಾಮಾಂಜಿನಪ್ಪನವರು ಫ್ಯಾನು ನೋಡಿದರು. ತಪ್ಪು ವೈರು ಕೊಟ್ಟು ಮೋಟಾರು ಸುಟ್ಟುಕೊಂಡ ಅರ್ಧ ಹೋಬಳಿಯನ್ನು ಅವರು ನಿಂತಲ್ಲೇ ಬೈದವರು.

"ಲ್ಯಾಪ್‌ಟಾಪಿನ ಚಾರ್ಜರು," ಎಂದರು ಕೊನೆಗೆ. "ಪಿನ್ನು ಸರಿಯಾಗಿ ಕೂತ್ಕೊಳ್ತು."

"ಅದು ಹತ್ತೊಂಬತ್ತು ವೋಲ್ಟು ಸಾರ್. ಇದಕ್ಕೆ ಬೇಕಾಗಿದ್ದು ಹನ್ನೆರಡು."

"ಗೊತ್ತಮ್ಮ. ಗೊತ್ತು."

"ಅಯ್ಯೋ ದೇವುಡಾ!" ಎಂದರು ರಾಮಲಕ್ಷ್ಮಮ್ಮ. "ಸಿಡ್ಲು ಸಿಡ್ಲು ಅಂತ ಒಂದು ವಾರದಿಂದ ಟೀವಿ ಪ್ಲಗ್ಗೂ ಹಾಕಕ್ಕೆ ಬಿಟ್ಟಿಲ್ಲ ಕಣಮ್ಮ ಇವ್ರು!"

"ಈಗ ಸ್ವಲ್ಪ ಹೊತ್ತು ಯಾರೂ ಮಾತಾಡ್ಬೇಡಿ," ಎಂದಳು ಜ್ಯೋತಿಲಕ್ಷ್ಮಿ. ಫ್ಯಾನು ನಿಲ್ಲಿಸಿದಳು.

ತೊಗರಿಬೇಳೆಯಷ್ಟು ದೊಡ್ಡ ಚಿಪ್ಪು. ಬಿಸಿಗಾಳಿಯ ಕೊಳವೆಯನ್ನು ಅದರ ಸುತ್ತ ನಿಧಾನವಾಗಿ ಆಡಿಸಿದಳು. ಕಾಲುಗಳ ಬುಡದ ಬೆಸುಗೆ ಮಂಕಾಗಿದ್ದದ್ದು ಒಮ್ಮೆಲೇ ಹೊಳೆಯಿತು. ಆ ಹೊಳಪಿಗೇ ಕಾದಿದ್ದ ಚಿಮಟ ಚಿಪ್ಪನ್ನು ಎಳೆಯದೆ, ಅಲುಗಿಸದೆ ನೇರ ಮೇಲೆತ್ತಿತು. ಹೊಸ ಬೋರ್ಡಿನ ಮೇಲೆ ಅದನ್ನು ಚುಕ್ಕೆಗೆ ಚುಕ್ಕೆ ಹೊಂದಿಸಿ ಇಟ್ಟು, ಎಂಟು ಕಾಲುಗಳನ್ನೂ ಮಸೂರದ ಕೆಳಗೆ ಒಂದೊಂದಾಗಿ ಬೆಸೆದಳು. ಎಲ್ಲೂ ಒಂದು ಹನಿ ಹೆಚ್ಚಿರಲಿಲ್ಲ.

ಕೌಂಟರಿನ ಮೇಲೆ ಬಗ್ಗಿ ನಿಂತಿದ್ದ ರಾಮಾಂಜಿನಪ್ಪನವರು ಉಸಿರು ಬಿಟ್ಟರು. ಇನ್ನೊಬ್ಬರು ಹಾಕಿದ ಜಾಯಿಂಟನ್ನು ಅವರು ಮೆಚ್ಚಿಕೊಂಡದ್ದು ಇಲಾಖೆಯಲ್ಲಿ ಯಾರಿಗೂ ನೆನಪಿಲ್ಲ.

"ಕೈ ಒಂಚೂರೂ ಅಲ್ಲಾಡ್ಲಿಲ್ಲ ನೋಡು," ಎಂದರು ಹೆಂಡತಿಗೆ. "ನಾನಾಗಿದ್ರೆ ಮೂರು ಕಾಲು ಸುಟ್ಟಾಕ್ತಿದ್ದೆ."

"ಚಾರ್ಜರ್ ಚುಚ್ಚೋವಾಗ ನಿಮ್ದೂ ಅಲ್ಲಾಡಿರ್ಲಿಲ್ಲ ಬಿಡಿ."

ಬೋರ್ಡನ್ನು ಡಿಸ್ಕಿಗೆ ಕೂರಿಸಿ ಸ್ಕ್ರೂ ಬಿಗಿದದ್ದಾಯಿತು. ಅಂಗಡಿಯದೇ ಒಂದು ಚಾರ್ಜರು ತೆಗೆದು, ಅದರ ಮೇಲೆ ಬರೆದದ್ದನ್ನು ಜ್ಯೋತಿಲಕ್ಷ್ಮಿ ರಾಮಾಂಜಿನಪ್ಪನವರಿಂದಲೇ ಗಟ್ಟಿಯಾಗಿ ಓದಿಸಿದಳು. ಅವರು ಶಾಲೆಯ ಹುಡುಗನಂತೆ "ಹನ್ನೆರಡು" ಎಂದರು. ಸ್ವಿಚ್ಚು ಹಾಕಿದಳು. ಡಿಸ್ಕು ಗುಂಯ್ ಎಂದು ತಿರುಗತೊಡಗಿತು. ಪರದೆಯ ಮೇಲೆ ಊರುಗಳ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು.

ಎರಡು ಹೊಸ ಡಿಸ್ಕುಗಳಿಗೆ ನಕಲು ಮಾಡಿ ಮುಗಿಸುವಾಗ ಸಂಜೆ ಐದೂಮುಕ್ಕಾಲಾಗಿತ್ತು. ಒಂದು ಕಲ್ಲೂ ಕಳೆದಿರಲಿಲ್ಲ.